ಕಲಬುರಗಿಯ ಬಿಸಿಲಿನಲ್ಲಿ ಲ್ಯಾಮಿನೇಟ್ ನೆಲಹಾಸು: ಒಂದು ಅಂಗಡಿಯ ಕೆಲಸದ ವಿಮರ್ಶೆ

ಕಲಬುರಗಿಯ ನಮ್ಮ ಮನೆಯಲ್ಲಿ ನೆಲಮಹಡಿಯ ಮಲಗುವ ಕೋಣೆಗೂ ಮೇಲ್ಮಹಡಿಯ ಓದುವ ಕೋಣೆಗೂ ಊರಿನದೇ ಅಂಗಡಿಯೊಂದರಿಂದ 8 ಮಿ.ಮೀ. ದಪ್ಪದ, ಎಸಿ4 ದರ್ಜೆಯ (ಸವೆತ ತಾಳುವ ಶಕ್ತಿಯ ಅಳತೆ) ಲ್ಯಾಮಿನೇಟ್ ಹಲಗೆಗಳನ್ನು ಹಾಕಿಸಿದೆವು. ಹೊಸದರಲ್ಲಿ ಎಂಥ ನೆಲವೂ ಚೆಂದವೇ ಕಾಣುವುದರಿಂದ, ಒಂದು ಬೇಸಿಗೆಯೂ ಒಂದು ಮಳೆಗಾಲವೂ ಕಳೆದ ಮೇಲೆ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಮೊದಲು ಮೆಚ್ಚಬೇಕಾದುದು ಕಾಂಕ್ರೀಟಿನ ತೇವವನ್ನು ಪರೀಕ್ಷಿಸಿದ ಕ್ರಮ. ಬಿಸಿಲೂರಿನಲ್ಲಿ ನೆಲ ಒಣಗಿಯೇ ಇರುತ್ತದೆಂದು ನಂಬುವವರು ಬಹಳ. ಆದರೆ ಮಣ್ಣಿಗೆ ತಾಗಿದ ಕಾಂಕ್ರೀಟು ಅಡಿಯಿಂದ ನೀರಿನಂಶವನ್ನು ಹೀರುತ್ತಲೇ ಇರುತ್ತದೆ. ಮೇಸ್ತ್ರಿ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಹೋದರು. ಮರುದಿನ ಬಿಚ್ಚಿದಾಗ ಹಾಳೆಯ ಒಳಮೈಯಲ್ಲಿ ಸಣ್ಣ ಹನಿಗಳು ಕೂತಿದ್ದವು, ಅಷ್ಟು ಜಾಗದಲ್ಲಿ ಸಿಮೆಂಟು ಕಪ್ಪಿಟ್ಟಿತ್ತು. ಅದನ್ನು ಕಂಡ ಮೇಲೆಯೇ ಅವರು 200 ಮೈಕ್ರಾನಿನ ಪಾಲಿಥೀನ್ ಹಾಳೆಗಳನ್ನು, ಒಂದರ ಅಂಚಿನ ಮೇಲೆ ಇನ್ನೊಂದು 20 ಸೆಂ.ಮೀ. ಬರುವಂತೆ ಹಾಸಿ, ಸಂದುಗಳಿಗೆ ಟೇಪ್ ಹಚ್ಚಿ, ಗೋಡೆಯ ಬುಡದಲ್ಲಿ ತುಸು ಮೇಲಕ್ಕೆ ಮಡಚಿ, ಅದರ ಮೇಲೆ ಫೋಮ್ ಹಾಸಿದರು. ಕೋಣೆಯ ಹವೆಗೆ ಒಗ್ಗಿಕೊಳ್ಳಲೆಂದು ಹಲಗೆಯ ಪೆಟ್ಟಿಗೆಗಳನ್ನೂ 48 ಗಂಟೆ ಅದೇ ಕೋಣೆಯಲ್ಲಿ ಮಲಗಿಸಿಟ್ಟಿದ್ದರು.

ಈ ಹಲಗೆಗಳ ಒಡಲು ಒತ್ತಿ ಗಟ್ಟಿಮಾಡಿದ ಮರದ ನಾರು; ಅದನ್ನು ಕಾಡುವುದು ಶಾಖಕ್ಕಿಂತ ಹೆಚ್ಚಾಗಿ ತೇವದ ಏರಿಳಿತ. ತಾಪಮಾನ 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳ ಒಣ ಗಾಳಿಗೆ ಕುಗ್ಗಿ, ಮಳೆ ಹಿಡಿದೊಡನೆ ಹಿಗ್ಗುತ್ತದೆ. ಆದ್ದರಿಂದಲೇ ಗೋಡೆಯ ಸುತ್ತ 10 ಮಿ.ಮೀ. ಜಾಗ ಬಿಟ್ಟು ಅದನ್ನು ಸ್ಕರ್ಟಿಂಗಿನಿಂದ (ಗೋಡೆಯ ಬುಡದ ಪಟ್ಟಿಯಿಂದ) ಮುಚ್ಚಬೇಕು, ಸ್ಕರ್ಟಿಂಗಿನ ಮೊಳೆ ಗೋಡೆಗೆ ಹೊಡೆಯಬೇಕೇ ಹೊರತು ಹಲಗೆಗಲ್ಲ. ಕೆಳಗಿನ ಕೋಣೆಯಲ್ಲಿ ಇದೆಲ್ಲವೂ ಸರಿಯಾಗಿ ನಡೆಯಿತು.

ಮೇಲಿನ ಕೋಣೆಗೆ ಬಂದದ್ದು ಬೇರೆ ತಂಡ. ಗೋಡೆಯುದ್ದಕ್ಕೂ ಜಾಗ ಬಿಟ್ಟವರು ಬಾಗಿಲಲ್ಲಿ ಮಾತ್ರ ಹಲಗೆಯನ್ನು ಗ್ರಾನೈಟ್ ಹೊಸ್ತಿಲಿಗೆ ಒತ್ತಿ ಕೂರಿಸಿದ್ದರು. ಜುಲೈ ಹೊತ್ತಿಗೆ ಅಲ್ಲಿನ ಸಂದು ಕೈಗೆ ತಾಗುವಷ್ಟು ಎದ್ದು, ಕಾಲಿಟ್ಟಾಗಲೆಲ್ಲ ಟಕ್ಕೆನ್ನತೊಡಗಿತು. ಹಲವು ಬಾರಿ ಫೋನ್ ಮಾಡಿದ ಮೇಲೆ ಅಂಗಡಿಯವರು ಬಂದು, ಅಂಚನ್ನು ಕತ್ತರಿಸಿ, ಅಲ್ಯುಮಿನಿಯಂ ಪಟ್ಟಿ ಕೂರಿಸಿದರು. ಹಣ ಕೇಳಲಿಲ್ಲವೆಂಬುದು ನಿಜ, ಆದರೆ ತಡಮಾಡಿದ್ದಕ್ಕೆ ಒಂದು ವಿವರಣೆಯೂ ಇರಲಿಲ್ಲ.

ನೀರು ಸುರಿದು ನೆಲ ತೊಳೆಯುವ ರೂಢಿಯ ಮನೆಗೆ ಈ ನೆಲಹಾಸು ಒಗ್ಗದು. ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಬೇಕಷ್ಟೆ. ಬೇಸಿಗೆಯ ಮಧ್ಯಾಹ್ನ ಬರಿಗಾಲಿಗೆ ಸಿಗುವ ಶಹಾಬಾದ್ ಕಲ್ಲಿನ ತಂಪನ್ನೂ ಇದರಲ್ಲಿ ನಿರೀಕ್ಷಿಸಬಾರದು. ಬಚ್ಚಲಿಗೆ ಹೊಂದಿಕೊಂಡ ಕೋಣೆಗಾದರೆ ನಾನು ಕಲ್ಲನ್ನೇ ಆರಿಸುತ್ತೇನೆ. ಉಳಿದಿರುವ ಮೇಲ್ಮಹಡಿಯ ಕೋಣೆಗೆ ಇದೇ ಅಂಗಡಿಯನ್ನು ಕರೆಯುವ ಯೋಚನೆಯಿದೆ. ಆದರೆ ಕೆಳಗೆ ಕೆಲಸ ಮಾಡಿದ ಮೇಸ್ತ್ರಿಯೇ ಬರಬೇಕು, ಹೊಸ್ತಿಲ ಬಳಿಯ ಜಾಗ ಮತ್ತು ಪಟ್ಟಿಯ ವಿಚಾರ ಕೊಟೇಶನ್ನಿನಲ್ಲೇ ನಮೂದಾಗಿರಬೇಕು.