ಮಂಡಿ ಆಪರೇಷನ್ ನಂತರದ ಫಿಸಿಯೋಥೆರಪಿ: ಮೆಗ್ಗಾನ್‌ಗೆ ಹೋಗುವುದೋ, ಮನೆಗೇ ಕರೆಸುವುದೋ?

ಮಂಡಿ ಕೀಲು ಬದಲಿಸಿಕೊಂಡು ತೀರ್ಥಹಳ್ಳಿ ಕಡೆಗೆ ಮರಳಿದವರಿಗೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಜೇಬಿಗೆ ಹಗುರ. ಆದರೆ ಚೀಟಿ, ಸರದಿ, ಬಸ್ಸಿನ ಕುಲುಕಾಟದಲ್ಲೇ ಅರ್ಧ ದಿನ ಹೋಗುತ್ತದೆ. ಊದಿದ ಕಾಲು ಇನ್ನಷ್ಟು ಊದುತ್ತದೆ. ಮನೆಗೆ ಬರುವ ಥೆರಪಿಸ್ಟ್ ದುಬಾರಿ, ಯಂತ್ರಗಳೂ ಕಡಿಮೆ. ಆದರೂ ಮೊದಲ ಎರಡು ವಾರಕ್ಕೆ ಅವರೇ ವಾಸಿ: ಪಾಚಿಗಟ್ಟಿದ ಅಂಗಳ, ಬಚ್ಚಲ ಹೊಸಿಲು, ಜಗಲಿ ಮೆಟ್ಟಿಲು ಅವರ ಕಣ್ಣಿಗೆ ಬೀಳುತ್ತವೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು; ಇದನ್ನು ಆ ಮೆಟ್ಟಿಲ ಮೇಲೇ ಕಲಿಸುತ್ತಾರೆ.

ಎಲ್ಲಿ ಹೋದರೂ ಮನೆಪಾಠ ತಪ್ಪದು: ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಕೆಳಕ್ಕೊತ್ತಿ 5 ಸೆಕೆಂಡ್ ಹಿಡಿಯಬೇಕು, 10 ಸಲ. ಹಿತವೆಂದು ಮಂಡಿ ಕೆಳಗೆ ದಿಂಬಿಟ್ಟು ಮಲಗಿದರೆ ಕಾಲು ಮಡಿಚಿದಂತೆಯೇ ಬಿಗಿಯುತ್ತದೆ. ಮೀನಖಂಡ ಊದಿ ನೋಯುತ್ತಿದ್ದರೆ ವ್ಯಾಯಾಮ ನಿಲ್ಲಿಸಿ, ಅಂದೇ ಡಾಕ್ಟರಿಗೆ ತೋರಿಸಿ.