ಶೆಲ್ಟರ್ಡ್ ಹೌಸಿಂಗ್‌ನ ಕಮ್ಯುನಲ್ ಹೀಟಿಂಗ್: ಬಿಸಿ ಚೆನ್ನಾಗಿದೆ, ಬಿಲ್ಲು ಮಾತ್ರ ಕೇಳಬೇಡಿ

ಇಂಗ್ಲೆಂಡಿನಲ್ಲಿ ಅಪ್ಪ ಅಮ್ಮನಿಗೋ ತಮಗೋ ಶೆಲ್ಟರ್ಡ್ ಹೌಸಿಂಗ್ (ವಯಸ್ಸಾದವರಿಗೆಂದೇ ಇರುವ ಫ್ಲ್ಯಾಟುಗಳು) ಹುಡುಕುತ್ತಿರುವ ಕನ್ನಡದವರು "ಹೇಗಿದೆ ಆಂಟಿ, ಸೇರಬಹುದಾ?" ಅಂತ ಕೇಳುತ್ತಲೇ ಇರುತ್ತಾರೆ. ಫ್ಲ್ಯಾಟು, ಲಿಫ್ಟು, ಬಾತ್‌ರೂಮಿನಲ್ಲಿ ನೇತಾಡುವ ಕೆಂಪು ಎಮರ್ಜೆನ್ಸಿ ದಾರ, ಕೆಳಗಿನ ಲೌಂಜು, ಇವೆಲ್ಲ ಬ್ರೋಷರ್‌ನಲ್ಲೇ ಇವೆ, ನೋಡಿಕೊಳ್ಳಿ. ನನಗೆ ಬರೆಯಬೇಕಿರುವುದು ಹೀಟಿಂಗ್ ಬಗ್ಗೆ. ನಾವಿಬ್ಬರೂ ಲೆಸ್ಟರ್‌ನಲ್ಲಿ, ಲಾಭಕ್ಕಲ್ಲದೆ ಮನೆ ಬಾಡಿಗೆಗೆ ಕೊಡುವ ಒಂದು ಹೌಸಿಂಗ್ ಅಸೋಸಿಯೇಷನ್‌ನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ 2019ರಿಂದ ಬಾಡಿಗೆಗೆ ಇದ್ದೇವೆ. ಈ ಮನೆಯಲ್ಲಿ ನನಗೆ ಸಿಟ್ಟು ಬರಿಸಿದ್ದು ಇದೊಂದೇ ವಿಷಯ.

ವ್ಯವಸ್ಥೆ ಸರಳ. ಬಿನ್ ಇಡುವ ಜಾಗದ ಪಕ್ಕ ಒಂದು ಬಾಯ್ಲರ್ ರೂಮು. ಅಲ್ಲಿ ಗ್ಯಾಸ್ ಉರಿಯುತ್ತದೆ, ನೀರು ಕಾಯುತ್ತದೆ, ಪೈಪಿನಲ್ಲಿ ಎಲ್ಲ ಫ್ಲ್ಯಾಟಿಗೂ ಹೋಗುತ್ತದೆ. ಕರೆಂಟಿಗೆ ನಮ್ಮದೇ ಮೀಟರ್. ಬಿಸಿಗೆ ಮೀಟರ್ ಇಲ್ಲ. ವರ್ಷದ ಗ್ಯಾಸ್ ಖರ್ಚನ್ನು ಫ್ಲ್ಯಾಟಿನ ಅಳತೆ ನೋಡಿ ಹಂಚುತ್ತಾರೆ, ಬಾಡಿಗೆ ಜೊತೆ ವಾರಕ್ಕಿಷ್ಟು ಅಂತ ಕಟ್ಟಬೇಕು. ನೀವು ರೇಡಿಯೇಟರ್ ಹಾಕಿದರೂ ಅಷ್ಟೇ, ಮಗಳ ಮನೆಗೆ ಹೋಗಿ ಒಂದು ತಿಂಗಳು ಕೂತರೂ ಅಷ್ಟೇ.

ನನ್ನಂಥವರಿಗೆ ಇದು ದೊಡ್ಡ ಹಿಂಸೆ. ನಾನು ರೂಮಿನಿಂದ ಹೊರಗೆ ಬಂದರೆ ಸ್ವಿಚ್ ಆರಿಸುವವಳು. ಹಳೆಯ ಬಾಡಿಗೆ ಮನೆಯಲ್ಲಿ ಮೀಟರ್ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದೆ. ಇಲ್ಲಿಗೆ ಬಂದ ಮೇಲೂ ಸುಮ್ಮನಿರಲಾರದೆ ರೇಡಿಯೇಟರ್‌ನ ತಿರುಪನ್ನು ಎರಡಕ್ಕೆ ಇಳಿಸುತ್ತೇನೆ. ನಮ್ಮವರು ಹಿಂದೆಯೇ ಬಂದು ನಾಲ್ಕಕ್ಕೆ ಏರಿಸುತ್ತಾರೆ. ಆಮೇಲೆ ಸೆಕೆ ಅಂತ ಕಿಟಕಿ ತೆಗೆಯುತ್ತಾರೆ.

"ರೀ, ಕಿಟಕಿ ತೆಗೆದು ಹೀಟಿಂಗ್ ಹಾಕ್ತೀರಲ್ಲ!"

"ದುಡ್ಡು ಹೇಗಿದ್ರೂ ಕೊಟ್ಟಾಗಿದೆ ಕಣೇ. ನೀನು ಆರಿಸಿದ್ರೆ ಪಕ್ಕದ ಮನೆಯವರಿಗೆ ಲಾಭ."

ಅವರು ಹೇಳುವುದು ಲೆಕ್ಕದಲ್ಲಿ ಸರಿಯೇ, ಅದೇ ನನಗೆ ಉರಿ. ಜನವರಿಯಲ್ಲಿ ಹೊರಗೆ ನಿಂತು ನಮ್ಮ ಕಟ್ಟಡ ನೋಡಿದರೆ ಅರ್ಧಕ್ಕರ್ಧ ಕಿಟಕಿಗಳು ತೆರೆದಿರುತ್ತವೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಆದರೆ ಇಲ್ಲಿ ಅದು ನಮ್ಮದೇ ದುಡ್ಡು, ಅಲ್ವಾ?

ಮೊದಲು ವಾರಕ್ಕೆ 11 ಪೌಂಡು ಚಿಲ್ಲರೆ ಇತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ಬೆಲೆ ಏರಿದ ಮೇಲೆ, 2023ರ ಏಪ್ರಿಲ್‌ನ ಬಾಡಿಗೆ ಪತ್ರದಲ್ಲಿ ಅದು 30 ದಾಟಿತ್ತು. ನಮ್ಮವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅದೇ 30.

ಟಿವಿಯಲ್ಲಿ, ಗ್ಯಾಸ್ ಕರೆಂಟು ಕಂಪನಿಗಳ ಮೇಲೆ ನಿಗಾ ಇಡುವ ಆಫ್‌ಜೆಮ್‌ನ ಪ್ರೈಸ್ ಕ್ಯಾಪ್ (ಮನೆಗಳ ದರಕ್ಕೆ ಹಾಕಿದ ಮಿತಿ) ಬಗ್ಗೆ ದಿನಾ ಹೇಳುತ್ತಿದ್ದರು. ಅದು ನಮ್ಮ ಬಾಯ್ಲರ್ ರೂಮಿಗೆ ಅನ್ವಯಿಸುವುದಿಲ್ಲ. ಗ್ಯಾಸ್ ಕೊಳ್ಳುವುದು ನಾವಲ್ಲ, ಮನೆ ಬಾಡಿಗೆಗೆ ಕೊಟ್ಟ ಹೌಸಿಂಗ್ ಅಸೋಸಿಯೇಷನ್. ಕೊಳ್ಳುವುದೂ ಅಂಗಡಿ, ಫ್ಯಾಕ್ಟರಿಗಳ ಥರ ಕಮರ್ಷಿಯಲ್ ಕಾಂಟ್ರ್ಯಾಕ್ಟ್‌ನಲ್ಲಿ. 2022ರ ಅಕ್ಟೋಬರ್‌ನಿಂದ ಸರ್ಕಾರ ಸಾಮಾನ್ಯ ಮನೆಗಳ ಗ್ಯಾಸ್ ದರವನ್ನು ಯೂನಿಟ್ಟಿಗೆ ಸುಮಾರು 10.3 ಪೆನ್ಸ್‌ಗೆ ಹಿಡಿದಿಟ್ಟಿತು. ನಮ್ಮ ಬಾಯ್ಲರ್‌ಗೆ ಸಿಕ್ಕಿದ್ದು ವ್ಯಾಪಾರಿಗಳಿಗಿದ್ದ ರಿಯಾಯಿತಿ. 2023ರ ಏಪ್ರಿಲ್‌ನಿಂದ ಹೀಟ್ ನೆಟ್‌ವರ್ಕ್‌ಗಳಿಗೆ (ನಮ್ಮಂತೆ ಒಂದೇ ಬಾಯ್ಲರ್‌ನಿಂದ ಹಲವು ಮನೆಗೆ ಬಿಸಿ ಕೊಡುವ ವ್ಯವಸ್ಥೆ) ಕೊಂಚ ಜಾಸ್ತಿ ಕೊಟ್ಟರು, 2024ರ ಮಾರ್ಚ್‌ಗೆ ಅದೂ ಮುಗಿಯಿತು. ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ಗ್ಯಾಸ್ ಇಳಿದಿತ್ತು. ನಮ್ಮದು ಮಾತ್ರ ಇಳಿಯಲಿಲ್ಲ, ಯಾಕೆಂದರೆ ನಮ್ಮ ಸಂಸ್ಥೆ ಬೆಲೆ ತುತ್ತತುದಿಯಲ್ಲಿದ್ದಾಗಲೇ ಎರಡು ವರ್ಷಕ್ಕೆ ಸಹಿ ಹಾಕಿಬಿಟ್ಟಿತ್ತು.

ಬೇರೆಯವರಾದರೆ ಕಂಪನಿ ಬದಲಾಯಿಸಬಹುದು. ನಾವು ಬದಲಾಯಿಸಬೇಕಾದರೆ ಮನೆಯನ್ನೇ ಬಿಡಬೇಕು.

ಈ ಸಿಟ್ಟಿನಲ್ಲೇ ಲೌಂಜಿನಲ್ಲಿ ಒಂದು ಗುಂಪು ಕೂಡಿತು. ಎರಡನೇ ಮಹಡಿಯ ಗುಜರಾತಿ ಅಜ್ಜ ಜೀವನಪೂರ್ತಿ ಅಂಗಡಿ ನಡೆಸಿದವರು. ಅವರೇ ದಾರಿ ತೋರಿಸಿದ್ದು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆ್ಯಕ್ಟ್ ಪ್ರಕಾರ, ಖರ್ಚಿಗೆ ತಕ್ಕಂತೆ ಬದಲಾಗುವ ಸರ್ವಿಸ್ ಚಾರ್ಜ್ (ನಮ್ಮ ಹೀಟಿಂಗ್ ದುಡ್ಡು ಅಂಥದ್ದೇ) ಕಟ್ಟುವ ಬಾಡಿಗೆದಾರರು ಲೆಕ್ಕ ಕೇಳಬಹುದು, ಬಿಲ್ಲು ರಸೀದಿಗಳನ್ನೂ ನೋಡಬಹುದು. ಕೇಳಿದೆವು. ಬಹಳ ದಿನ ಆಟ ಆಡಿಸಿ ಕೊನೆಗೆ ಒಂದು ಫೈಲು ತಂದಿಟ್ಟರು. ಅಜ್ಜ ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ಬಿಲ್ಲು ಓದಿದರು. ಒಂದು ಕಡೆ ಸ್ಕೇಲ್ ನಿಂತಿತು. ವ್ಯಾಟ್ 20 ಶೇಕಡಾ ಅಂತಿತ್ತು. ಜನ ವಾಸ ಮಾಡುವ ಮನೆ ಕಾಯಿಸುವ ಗ್ಯಾಸಿಗೆ ವ್ಯಾಟ್ ಬರೀ 5 ಶೇಕಡಾ, ಮೇಲೆ ವ್ಯಾಪಾರಿಗಳ ಗ್ಯಾಸ್ ಮೇಲೆ ಬೀಳುವ ಕ್ಲೈಮೇಟ್ ಚೇಂಜ್ ಲೆವಿ ಅನ್ನುವ ತೆರಿಗೆಯೂ ಇಲ್ಲ. ಕಾಂಟ್ರ್ಯಾಕ್ಟ್ ಬದಲಾದಾಗ ಯಾರೋ ಇದು ಜನ ವಾಸಿಸುವ ಕಟ್ಟಡ ಅನ್ನುವ ಸರ್ಟಿಫಿಕೇಟ್ ಕಳಿಸುವುದನ್ನು ಮರೆತಿದ್ದರು, ಅಷ್ಟೇ. ಅದರ ದುಡ್ಡನ್ನು ಮುಂದಿನ ವರ್ಷದ ಲೆಕ್ಕದಲ್ಲಿ ಕಳೆದುಕೊಟ್ಟರು. ಅಜ್ಜನಿಗೆ ನಾನು ಒಂದು ಡಬ್ಬಿ ಕೋಡುಬಳೆ ಕೊಟ್ಟೆ.

ಈಗ ಹೊಸ ಕಾಂಟ್ರ್ಯಾಕ್ಟ್ ಬಂದು ವಾರಕ್ಕೆ 20ರ ಆಸುಪಾಸಿನಲ್ಲಿದೆ. ಕಡಿಮೆಯೇನಲ್ಲ, ಆದರೂ ಉಸಿರಾಡಬಹುದು.

ಇಷ್ಟು ಬೈದ ಮೇಲೆ ಹೀಟಿಂಗ್ ಕೊಟ್ಟ ಸುಖವನ್ನೂ ಹೇಳಬೇಕು. ಹಾಲ್‌ನಲ್ಲಿ ಒಂದು ಕಬೋರ್ಡ್ ಇದೆ, ಬಿಸಿನೀರಿನ ಪೈಪು ಅದರೊಳಗೇ ಬರುತ್ತದೆ. ಇಲ್ಲಿಯವರು ಅದರಲ್ಲಿ ಟವೆಲ್ ಒಣಗಿಸುತ್ತಾರೆ. ನಾನು ದೋಸೆ ಹಿಟ್ಟು ಇಡುತ್ತೇನೆ. ಈ ದೇಶದ ಚಳಿಯಲ್ಲಿ ಹಿಟ್ಟು ಹುಳಿ ಬರಿಸಲು ಎಷ್ಟು ಒದ್ದಾಡಿದ್ದೇನೆ ಅಂತ ಇಲ್ಲಿರುವ ಹೆಂಗಸರಿಗೆ ಹೇಳಬೇಕಾಗಿಲ್ಲ: ಓವನ್‌ನಲ್ಲಿ ಲೈಟ್ ಹಾಕಿ ಇಡುವುದು, ಪಾತ್ರೆಗೆ ಸ್ವೆಟರ್ ಸುತ್ತುವುದು, ಎಲ್ಲಾ ಮಾಡಿದವಳೇ. ಇಲ್ಲಿ ರಾತ್ರಿ ಊಟ ಆದ ಮೇಲೆ ರುಬ್ಬಿ, ಕೈಯಲ್ಲೇ ಉಪ್ಪು ಕಲಸಿ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ ಮಧ್ಯದ ಶೆಲ್ಫಿನಲ್ಲಿಡುತ್ತೇನೆ. ಕೆಳಗಿನದು ಬೇಡ, ತುಂಬಾ ಬಿಸಿ, ಹಿಟ್ಟು ತೀರಾ ಹುಳಿಯಾಗಿಬಿಡುತ್ತದೆ. ಪಕ್ಕದಲ್ಲಿ ಹೆಪ್ಪು ಹಾಕಿದ ಹಾಲಿನ ಬಟ್ಟಲು. ಬೆಳಿಗ್ಗೆ ಕಬೋರ್ಡ್ ಬಾಗಿಲು ತೆಗೆದರೆ ಊರಿನ ಏಪ್ರಿಲ್ ತಿಂಗಳ ವಾಸನೆ. ಹಿಟ್ಟು ಮುಚ್ಚಳ ಮುಟ್ಟಿರುತ್ತದೆ, ಮೊಸರಿಗೆ ಚಮಚ ಹಾಕಿದರೆ ಗಟ್ಟಿಯಾಗಿ ಕತ್ತರಿಸಿ ಬರುತ್ತದೆ.

ಇನ್ನೊಂದು, ಬಾಯ್ಲರ್ ಕೆಟ್ಟರೆ ನಮ್ಮ ತಲೆನೋವಲ್ಲ. ಹಳೆಯ ಮನೆಯಲ್ಲಿ ಡಿಸೆಂಬರ್‌ನಲ್ಲಿ ಬಾಯ್ಲರ್ ನಿಂತಾಗ ಇಂಜಿನಿಯರ್‌ಗೆ ಕಾದಿದ್ದು ಮರೆತಿಲ್ಲ. ನಮ್ಮವರ ಮಂಡಿ ನೋವೂ ಇಲ್ಲಿ ಎಷ್ಟೋ ವಾಸಿ. ರಾತ್ರಿ ಎದ್ದರೆ ಹಾಲ್ ಬೆಚ್ಚಗಿರುತ್ತದೆ, ನಡುಗಿಕೊಂಡು ಬಾತ್‌ರೂಮಿಗೆ ಓಡುವ ಕೆಲಸವಿಲ್ಲ.

ದುಡ್ಡಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಪೆನ್ಷನ್ ಮೇಲೆ ಬದುಕುವವರು ಇದನ್ನು ತಿಳಿದಿರಬೇಕು. ಬಾಡಿಗೆಗೆ ಸರ್ಕಾರ ಕೊಡುವ ಹೌಸಿಂಗ್ ಬೆನಿಫಿಟ್ ಬರುತ್ತದೆ, ಹೀಟಿಂಗೂ ಅದರಲ್ಲೇ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಕಾರಿಡಾರ್, ಲೌಂಜು ಕಾಯಿಸುವ ಪಾಲು ಶೆಲ್ಟರ್ಡ್ ಹೌಸಿಂಗ್‌ನಲ್ಲಿ ಬೆನಿಫಿಟ್‌ಗೆ ಸೇರುತ್ತದೆ. ನಿಮ್ಮ ಫ್ಲ್ಯಾಟಿನೊಳಗಿನ ಬಿಸಿ, ಬಿಸಿನೀರು ಕೈಯಿಂದಲೇ. ನಮ್ಮ ಮೇಲಿನ ಮನೆಯಾಕೆಗೆ ಬಾಡಿಗೆ ಪೂರ್ತಿ ಬರುತ್ತದೆ, ಆದರೂ ವಾರ ವಾರ ಹೀಟಿಂಗ್ ದುಡ್ಡು ಹೊಂದಿಸಲು ಪರದಾಡುತ್ತಾರೆ. ಹೀಟಿಂಗ್ ಖರ್ಚಿಗೆ ಅಂತ ಸರ್ಕಾರ ವಯಸ್ಸಾದವರಿಗೆ ಕೊಡುವ ವಿಂಟರ್ ಫ್ಯೂಯಲ್ ಪೇಮೆಂಟನ್ನು 2024ರ ಚಳಿಗಾಲದಲ್ಲಿ ಪೆನ್ಷನ್ ಕ್ರೆಡಿಟ್‌ನಂಥ (ಕಡಿಮೆ ವರಮಾನದ ವೃದ್ಧರಿಗೆ ಸಿಗುವ) ಬೆನಿಫಿಟ್ ಇದ್ದವರಿಗೆ ಮಾತ್ರ ಅಂತ ಮಾಡಿದ್ದರು, ನಮಗೆ ತಪ್ಪಿಹೋಯಿತು. 2025ರಲ್ಲಿ ವರ್ಷದ ವರಮಾನ 35,000 ಪೌಂಡ್ ಒಳಗಿರುವವರಿಗೆ ಮತ್ತೆ ಕೊಟ್ಟರು.

ದೂರಿಗೂ ಈಗ ಜಾಗ ಸಿಕ್ಕಿದೆ. 2025ರ ಏಪ್ರಿಲ್‌ನಿಂದ ಹೀಟ್ ನೆಟ್‌ವರ್ಕ್‌ನಿಂದ ಬಿಸಿ ಪಡೆಯುವ ನಮ್ಮಂಥವರು ಗ್ಯಾಸ್ ಕರೆಂಟಿನ ದೂರು ವಿಚಾರಿಸುವ ಎನರ್ಜಿ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. 2026ರ ಜನವರಿಯಿಂದ ಆಫ್‌ಜೆಮ್ ನಿಗಾ ಕೂಡ ಶುರು. ಆದರೆ ಪ್ರೈಸ್ ಕ್ಯಾಪ್ ಇಲ್ಲ.

ಸೇರಬಹುದಾ ಅಂದರೆ, ಚಳಿ ತಡೆಯಲಾಗದ, ದಿನವೆಲ್ಲ ಮನೆಯಲ್ಲೇ ಇರುವ ದಂಪತಿಗೆ ಧಾರಾಳವಾಗಿ ಸೇರಿ ಅನ್ನುತ್ತೇನೆ. ಒಬ್ಬರೇ ಇದ್ದು, ವರ್ಷಕ್ಕೆ ಮೂರು ತಿಂಗಳು ಊರಿಗೆ ಹೋಗುವವರಾದರೆ ಮೀಟರ್ ಇರುವ ಕಡೆ ನೋಡಿ. ಸಹಿ ಹಾಕುವ ಮೊದಲು ಹಿಂದಿನ ಮೂರು ವರ್ಷದ ಹೀಟಿಂಗ್ ಚಾರ್ಜ್ ಕೇಳಿ, ಗ್ಯಾಸ್ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುತ್ತದೆ ಅಂತಲೂ ಕೇಳಿ. ಸಾಧ್ಯವಾದರೆ ಮನೆ ನೋಡಲು ಜುಲೈನಲ್ಲಿ ಹೋಗಿ. ಲೀಜನೆಲ್ಲಾ ರೋಗಾಣು ಬೆಳೆಯದಿರಲಿ ಅಂತ ಬಿಸಿನೀರನ್ನು ವರ್ಷಪೂರ್ತಿ 60 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಬೇಸಿಗೆಯಲ್ಲೂ ಕಾರಿಡಾರ್‌ನಲ್ಲಿ ಬೆವರು ಬಂದರೆ ಪೈಪಿಗೆ ಸರಿಯಾದ ಹೊದಿಕೆ ಇಲ್ಲ ಅಂತ ಅರ್ಥ. ಆ ಬಿಸಿಗೂ ನೀವೇ ದುಡ್ಡು ಕಟ್ಟಬೇಕು.