ಮೂರು ಸ್ಟಾರ್, ಅದರಲ್ಲಿ ಎರಡು ಮಾಲಿ ಕಾಕಾಗೆ

ಕಲಬುರಗಿಯ ನಮ್ಮ ಬಡಾವಣೆ ಪಾರ್ಕ್‌ಗೆ ಎರಡು ವರ್ಷದಿಂದ ದಿನಾ ಹೋಗುತ್ತಿದ್ದೇನೆ. ಈ ಬೇಸಿಗೆಯಲ್ಲಿ ಅಲ್ಲೇ ನಡೆದ ಮಕ್ಕಳ ಶಿಬಿರಕ್ಕೆ ಮಗಳನ್ನೂ ಸೇರಿಸಿದ್ದೆ. ಹಾಗಾಗಿ ಎರಡರ ಬಗ್ಗೆಯೂ ಬರೆಯುತ್ತೇನೆ. ಪಾರ್ಕ್ ಯಾವುದು ಅಂತ ಹೇಳುವುದಿಲ್ಲ, ಓದಿದವರಿಗೆ ತಮ್ಮ ಓಣಿಯದೇ ಅನ್ನಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ಒಳ್ಳೆಯದು ಮೊದಲು. ಗೇಟ್ ದಾಟಿದ ಕೂಡಲೇ ಎಡಕ್ಕೆ ಆರು ದೊಡ್ಡ ಬೇವಿನ ಮರ ಇವೆ. ಏಪ್ರಿಲ್‌ನಲ್ಲಿ ಊರೆಲ್ಲಾ 42 ಡಿಗ್ರಿಯಲ್ಲಿ ಬೇಯುವಾಗಲೂ ಅದರ ಕೆಳಗೆ ಕೂರಬಹುದು. ಬಲಗಡೆಯದು ಹೊಸದಾಗಿ ಮಾಡಿದ ಭಾಗ. ಅಲ್ಲಿ ಹುಲ್ಲುಹಾಸು ಇದೆ (ಫೆಬ್ರವರಿವರೆಗೆ), ಬಳ್ಳಿಯೇ ಇಲ್ಲದ ಕಬ್ಬಿಣದ ಚಪ್ಪರ ಇದೆ, ಶಹಾಬಾದ್ ಕಲ್ಲಿನ ಬೆಂಚುಗಳಿವೆ. ಕಲ್ಲು ಚೆನ್ನಾಗಿದೆ, ನಮ್ಮ ಮನೆಯ ನೆಲಕ್ಕೂ ಅದೇ ಹಾಕಿದ್ದೇವೆ, ಆದರೆ ನೆರಳಿಲ್ಲದ ಕಡೆ ಅದರ ಮೇಲೆ ಸಂಜೆ ಐದಕ್ಕೆ ಕೂತು ನೋಡಿ, ಹಂಚಿನ ಮೇಲಿನ ರೊಟ್ಟಿಯ ಕಷ್ಟ ಏನು ಅಂತ ಗೊತ್ತಾಗುತ್ತದೆ. ಅದೇ ಬೆಂಚುಗಳನ್ನು ಬೇವಿನ ಕೆಳಗೆ ಹಾಕಿದ್ದರೆ ಒಂದು ಪೈಸೆಯೂ ಜಾಸ್ತಿ ಆಗುತ್ತಿರಲಿಲ್ಲ ಅಲ್ವಾ?

ವಾಕಿಂಗ್ ದಾರಿ ಇನ್ನೊಂದು ಕಥೆ. ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದನ್ನು ತೆಗೆದು, ಮುರುಮು (ಗರಸು ಮಣ್ಣು) ಹಾಕಿ ಗಟ್ಟಿ ಮಾಡಿ ಆಮೇಲೆ ಇಟ್ಟಿಗೆ ಕೂರಿಸಬೇಕು, ಇದು ಮನೆ ಕಟ್ಟಿದ ಯಾರಿಗಾದರೂ ಗೊತ್ತು. ಇಲ್ಲಿ ಮಣ್ಣಿನ ಮೇಲೆ ಸುಮ್ನೆ ಜೋಡಿಸಿದ ಹಾಗಿದೆ. ಒಂದೇ ಮಳೆಗಾಲಕ್ಕೆ ದಾರಿ ಅಲೆ ಅಲೆಯಾಯಿತು. ಮಾವ ಎರಡು ಸಲ ಎಡವಿದರು. ಈಗ ಅವರು ದೂರವಾದರೂ ಪರವಾಗಿಲ್ಲ ಅಂತ ಪಬ್ಲಿಕ್ ಗಾರ್ಡನ್‌ಗೇ ಹೋಗುತ್ತಾರೆ.

ಓಪನ್ ಜಿಮ್‌ನಲ್ಲಿ ಎಂಟು ಯಂತ್ರಗಳಿವೆ, ಐದು ಅಲುಗುವುದಿಲ್ಲ. ಮುರಿದಿಲ್ಲ, ಬೇರಿಂಗ್ ಒಣಗಿದೆ ಅಷ್ಟೇ. ಉಳಿದ ಮೂರು ನಡೆಯುತ್ತಿರುವುದು ಮಾಲಿ ಕಾಕಾ ಸೈಕಲ್ ಅಂಗಡಿಯಿಂದ ಗ್ರೀಸ್ ತಂದು ಹಚ್ಚಿದ್ದರಿಂದ. ಹೊಸ ಯಂತ್ರಕ್ಕೆ ದುಡ್ಡು ಬರುತ್ತದೆ, ಗ್ರೀಸ್ ಡಬ್ಬಿಗೆ ಬರುವುದಿಲ್ಲ. ಹಿಂದಿನ ಮೂಲೆಯಲ್ಲಿ ಯಾರದೋ ಪೈಪು, ಜಲ್ಲಿ ಒಂದು ವರ್ಷದಿಂದ ಬಿದ್ದಿದೆ. ಪಾರ್ಕ್ ಜಾಗವನ್ನು ಮನಸ್ಸಿಗೆ ಬಂದ ಹಾಗೆ ಬೇರೆ ಕೆಲಸಕ್ಕೆ ಬಳಸಬಾರದು ಅಂತ ನಮ್ಮ ರಾಜ್ಯದಲ್ಲಿ 1985ರಲ್ಲೇ ಕಾಯ್ದೆ ಆಗಿದೆ. ಜಲ್ಲಿ ಹಾಕಿದವರಿಗೆ ಅದು ಇನ್ನೂ ಮುಟ್ಟಿಲ್ಲ ಅನ್ನಿಸುತ್ತದೆ.

ನನಗೆ ಜಾಸ್ತಿ ಸಿಟ್ಟು ಬರುವುದು ಸಮಯದ ವಿಷಯಕ್ಕೆ. ರಾತ್ರಿ ಏಳೂವರೆಗೆ ಗೇಟ್ ಬಂದ್. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದೇ ಏಳರ ಹತ್ತಿರ. ನಮ್ಮೂರಲ್ಲಿ ಜನ ಹೊರಗೆ ಬರುವುದೇ ಆಮೇಲೆ. ಒಂದು ದಿನ ಕೇಳಿಯೇ ಬಿಟ್ಟೆ, "ಕಾಕಾ, ಇನ್ನೊಂದ್ ತಾಸು ಬಿಡ್ರೀ." "ನಂದೇನದ ಯವ್ವಾ, ಕೀಲಿ ಹಾಕು ಅಂದಾರ, ಹಾಕ್ತೀನಿ. ನೀನೇ ಒಂದ್ ಅರ್ಜಿ ಬರಿ," ಅಂದರು. ಬರೆದೆ. ಉತ್ತರ ಬಂದಿಲ್ಲ. ಹೆಂಗಸರ ಶೌಚಾಲಯದ ಕೀಲಿಯೂ ಕಾಕಾ ಹತ್ತಿರವೇ ಇರುತ್ತದೆ, ಪಾರ್ಕ್‌ನಲ್ಲಿ ಮೊದಲು ಅವರನ್ನು ಹುಡುಕಬೇಕು.

ಈಗ ಶಿಬಿರ. ಹದಿನೈದು ದಿನಕ್ಕೆ 400 ರೂಪಾಯಿ, ಬೆಳಗ್ಗೆ ಆರೂವರೆಯಿಂದ ಎಂಟೂವರೆ. ಎಪ್ಪತ್ತು ಮಕ್ಕಳಿಗೆ ಇಬ್ಬರೇ ಕಲಿಸುವವರು. ಚಿತ್ರಕಲೆ ಅಂದರೆ ಒಂದು ಹಾಳೆ ಕೊಟ್ಟು ಬಿಡುವುದು. ಆದರೆ ಖೋ ಖೋ ಸರ್ ಒಬ್ಬರು ಇದ್ದರು, ಅವರಿಗೋಸ್ಕರ ಮುಂದಿನ ವರ್ಷವೂ ಸೇರಿಸುತ್ತೇನೆ. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣ ಇಲ್ಲಿ ಹಿಡಿಯುವುದಿಲ್ಲ, ಅವರು ಹೆಜ್ಜೆಯಲ್ಲಿ ಅಳೆದು ಚಿಕ್ಕದು ಮಾಡಿ, ಎರಡು ಕಂಬ ಹುಗಿದು, ಸುಣ್ಣದಲ್ಲಿ ಗೆರೆ ಎಳೆದರು. ಅಷ್ಟೇ ಖರ್ಚು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನಮ್ಮ ಗಂಡಸರ ತಂಡ, ಹೆಂಗಸರ ತಂಡ ಎರಡೂ ಗೆದ್ದ ಕಥೆಯನ್ನು ಅವರು ಹೇಳಿದ ರೀತಿಗೆ ಮಗಳು ಮನೆಯಲ್ಲೂ ಮಂಚದ ಕಾಲು ಹಿಡಿದು ತಿರುಗಲು ಶುರು ಮಾಡಿದಳು. ಬೇಲಿ ಆಚೆ ನಿಂತು ನೋಡುತ್ತಿದ್ದ ಕಟ್ಟಡ ಕೆಲಸದವರ ನಾಲ್ಕು ಮಕ್ಕಳನ್ನೂ ಸರ್ ಒಳಗೆ ಕರೆದರು, ಫೀ ಕೇಳಲಿಲ್ಲ. ಅವರಲ್ಲಿ ಒಬ್ಬನನ್ನು ಕೊನೇ ದಿನದವರೆಗೂ ಯಾರಿಂದಲೂ ಮುಟ್ಟಲು ಆಗಲಿಲ್ಲ.

ಕೊನೇ ಐದು ದಿನ ಮಾತ್ರ ಖೋ ಖೋ ನಿಂತಿತು. ಯಾಕೆ ಅಂದರೆ ಸಮಾರೋಪಕ್ಕೆ ಡಾನ್ಸ್ ಪ್ರಾಕ್ಟೀಸ್. ಅತಿಥಿಗಳು ಒಂದೂವರೆ ತಾಸು ತಡ, ಮಕ್ಕಳು ಬಿಸಿಲಲ್ಲಿ, ಬೇವಿನ ನೆರಳಲ್ಲಿ ವಿಐಪಿ ಕುರ್ಚಿಗಳು.

ತವರು ಬೀದರ್. ಅಲ್ಲಿಗೆ ಹೋದಾಗ ಬರೀದ್ ಶಾಹಿ ಉದ್ಯಾನಕ್ಕೆ ಹೋಗುತ್ತೇನೆ. ಬೀದರ್ ಆಳಿದ ಸುಲ್ತಾನ ಅಲಿ ಬರೀದನ ಸಮಾಧಿ ನಾಲ್ಕೂ ಕಡೆ ತೆರೆದಿದೆ, ಗಾಳಿ ಆಡುತ್ತದೆ, ಜನ ಮೆಟ್ಟಿಲ ಮೇಲೆ ಆರಾಮಾಗಿ ಕೂರುತ್ತಾರೆ. ಬೀದರ್ ನಮಗಿಂತ 200 ಮೀಟರ್‌ಗೂ ಜಾಸ್ತಿ ಎತ್ತರ, ತಂಪು, ಆ ಹೋಲಿಕೆ ಸರಿಯಲ್ಲ, ಗೊತ್ತು. ಆದರೂ ನೆರಳು, ಗಾಳಿ ಎಲ್ಲಿದೆ ಅಂತ ನೋಡಿ ಕಟ್ಟುವುದು ಆ ಸಮಾಧಿ ಕಟ್ಟಿದ 1577ರಲ್ಲೇ ಗೊತ್ತಿತ್ತು.

ಬರುವವರು ಬೆಳಗ್ಗೆ ಏಳೂವರೆ ಒಳಗೆ ಬನ್ನಿ, ನೀರು ತನ್ನಿ, ಕುಡಿಯುವ ನೀರಿನ ನಲ್ಲಿ ನಂಬಬೇಡಿ. ಸಂಜೆ ಗೇಟಿನ ಹೊರಗೆ ಮಿರ್ಚಿ ಭಜಿ ಬಂಡಿ ಇರುತ್ತದೆ, ಅದಕ್ಕೆ ಪೂರ್ತಿ ಐದು ಸ್ಟಾರ್. ಆರೂವರೆ ನಂತರ ಹೋದರೆ ಸಿಗುವುದಿಲ್ಲ.